ಸೊಸೆಯ ಏಳನೇ ತರಗತಿ ಮತ್ತು ಎಂಬತ್ತಮೂರು ಅಂಬಿಗರು

ನನ್ನ ಸೊಸೆ ಏಳನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುವ ಟೀಚರ್. ಹೋದ ವರ್ಷದವರೆಗೆ ಅದೇ ಶಾಲೆಯ ಆಫೀಸಿನಲ್ಲಿ ಟೈಪ್ ಮಾಡುತ್ತಿದ್ದಳು, ಒಂಬತ್ತು ವರ್ಷ. ಟೀಚರ್ ಆಗುವ ಪರೀಕ್ಷೆಗಳನ್ನೆಲ್ಲ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಓದಿ ಪಾಸು ಮಾಡಿದಳು. ಹಳೆಯ ಟೀಚರ್ ನಿವೃತ್ತರಾದಾಗ ಹೆಡ್‌ಮಿಸ್ ಇವಳನ್ನು ಕರೆದು ಒಂದು ವರ್ಷದ ಮಟ್ಟಿಗೆ 'ಎ' ವಿಭಾಗ ಕೊಟ್ಟರು. ಅರ್ಧ ವರ್ಷ ಕಳೆದ ಮೇಲೆ ತನಿಖೆಯ ಅಧಿಕಾರಿ ಬರುತ್ತಾರೆ, ಅವರು ಒಳ್ಳೆಯದಾಗಿ ಬರೆದರೆ ಕ್ಲಾಸು ನಿನ್ನದೇ, ಇಲ್ಲದಿದ್ದರೆ ಆಫೀಸಿನ ನಿನ್ನ ಕುರ್ಚಿ ಎಲ್ಲೂ ಓಡಿಹೋಗಿಲ್ಲ ಅಂದರಂತೆ. ಆ ದಿನ ಇವಳು ಮನೆಗೆ ಬಂದವಳೇ ನನ್ನ ಎರಡು ಕೈ ಹಿಡಿದು ಒಂದು ಸುತ್ತು ತಿರುಗಿಸಿದಳು. ಒಲೆಯ ಮೇಲಿದ್ದ ಹಾಲು ಉಕ್ಕಿಹೋಯಿತು.

ಇವಳ ಅಪ್ಪ ಪುಸ್ತಕಕ್ಕೆ ರಟ್ಟು ಹಾಕುವ ಕೆಲಸದವರು. ಮನೆ ತುಂಬ ಕಾಗದ, ಅಂಟು, ದಾರ. ಚಿಕ್ಕಂದಿನಲ್ಲಿ ಇವಳ ಅಕ್ಷರ ಮುತ್ತಿನ ಹಾಗಿತ್ತಂತೆ. ಏಳನೇ ತರಗತಿಯಲ್ಲಿದ್ದಾಗ ಇವಳ ಸಮಾಜದ ನೋಟ್‌ಬುಕ್ಕಿಗೆ ಬಹುಮಾನ ಬಂತು, ಗಾಜಿನ ಕಪಾಟಿನಲ್ಲಿಟ್ಟು ಎಲ್ಲರಿಗೂ ತೋರಿಸಿದರು. ಅದೇ ವರ್ಷ ಅದೇ ವಿಷಯದಲ್ಲಿ ಫೇಲಾದಳು. ಇದನ್ನು ಹೇಳುವಾಗ ಅವಳಿಗೆ ನಾಚಿಕೆ ಇಲ್ಲ, ನಗುತ್ತಾಳೆ. "ಅತ್ತೆ, ಬೋರ್ಡಿಂದ ಕಣ್ಣಿಗೆ, ಕಣ್ಣಿಂದ ಕೈಗೆ. ತಲೆ ಕಡೆ ಅದು ಹೋಗ್ಲೇ ಇಲ್ಲ" ಅನ್ನುತ್ತಾಳೆ. ಆದ್ದರಿಂದ ತನ್ನ ಕ್ಲಾಸಿನ ಮಕ್ಕಳಿಗೆ ಒಂದು ಸಾಲನ್ನೂ ಹೇಳಿ ಬರೆಸುವುದಿಲ್ಲ ಎಂದು ಮೊದಲೇ ತೀರ್ಮಾನ ಮಾಡಿಬಿಟ್ಟಿದ್ದಳು. ಕೇಳಬೇಕು, ಮುಖ್ಯವಾದದ್ದನ್ನು ಮಾತ್ರ ತಮ್ಮ ಮಾತಿನಲ್ಲಿ ಬರೆದುಕೊಳ್ಳಬೇಕು.

ಮೊದಲ ವಾರ ದೊಡ್ಡ ಫಜೀತಿ. ಬಾಯಿಬಿಟ್ಟರೆ ಸಾಕು, ನಲವತ್ತೆರಡು ಮಕ್ಕಳೂ ತಲೆ ತಗ್ಗಿಸಿ ಗೀಚಲು ಶುರು. ಪೂರ್ಣವಿರಾಮ ಎಲ್ಲಿ ಹಾಕಬೇಕು ಎಂದು ಕೇಳುವವರು ಕೆಲವರು, ನೀಲಿ ಇಂಕೋ ಕಪ್ಪು ಇಂಕೋ ಎನ್ನುವವರು ಕೆಲವರು. ಒಬ್ಬಳು 'ಟೀಚರ್ ಕೆಮ್ಮಿದರು, ನೀರು ಕುಡಿದರು' ಎಂದೂ ಬರೆದಿದ್ದಳು. ಮುಖ್ಯವಾದದ್ದು ಮಾತ್ರ ಬರೀರಿ ಎಂದು ಇವಳು ಹೇಳಿದ ಮೇಲೆ ಬರೆಯುವುದು ಕಡಿಮೆಯಾಯಿತು. ಇವಳಿಗೆ ಖುಷಿಯೋ ಖುಷಿ. ಎರಡು ದಿನ ಬಿಟ್ಟು ಗುಟ್ಟು ಗೊತ್ತಾಯಿತು. ಮುಖ್ಯವಾದ ಮಾತಿಗೆ ಮುಂಚೆ ಇವಳಿಗೆ ಕನ್ನಡಕ ತೆಗೆದು ಒರೆಸುವ ಅಭ್ಯಾಸ. ಮಕ್ಕಳು ಪಾಠ ಕೇಳುವುದು ಬಿಟ್ಟು ಕನ್ನಡಕವನ್ನೇ ಕಾಯುತ್ತಿದ್ದವು. ಮಾರನೇ ದಿನ ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಹೋದಳು. ಬರುವಾಗ ಮೆಟ್ಟಿಲು ಎಡವಿ ಕಾಲು ಊದಿಸಿಕೊಂಡು ಬಂದಳು, ಆದರೂ ಮುಖ ಅರಳಿತ್ತು.

ಅವಳು ಕಲಿಸಿದ ರೀತಿ ನನಗೂ ಗೊತ್ತು, ಯಾಕೆಂದರೆ ಪ್ರತಿ ಸಂಜೆ ನನ್ನನ್ನೇ ಎದುರಿಗೆ ಕೂರಿಸಿಕೊಂಡು ಪಾಠ ಹೇಳಿ ನೋಡುತ್ತಿದ್ದಳು. ಹಾಳೆಯ ಎಡಗಡೆ ನಾಲ್ಕು ಬೆರಳು ಬಿಟ್ಟು ಉದ್ದಕ್ಕೆ ಒಂದು ಗೆರೆ. ಕೆಳಗೆ ಮೂರು ಬೆರಳು ಬಿಟ್ಟು ಅಡ್ಡಕ್ಕೆ ಒಂದು ಗೆರೆ. ಬಲಗಡೆ ದೊಡ್ಡ ಜಾಗದಲ್ಲಿ ಕೇಳಿದ್ದನ್ನು ತುಂಡು ತುಂಡಾಗಿ ಬರೆಯಬೇಕು, ಪೂರ್ತಿ ವಾಕ್ಯ ಬೇಡ, ಬಾಣ ಹಾಕಿದರೂ ಸರಿ, ಚಿತ್ರ ಬರೆದರೂ ಸರಿ. ಪಾಠ ಮುಗಿದ ಮೇಲೆ ಎಡಗಡೆ ಪ್ರಶ್ನೆಗಳು: ಯಾಕೆ, ಯಾವಾಗ, ಇದರಿಂದ ಯಾರಿಗೆ ಏನಾಯಿತು. ಕೆಳಗೆ ಎರಡೇ ಸಾಲು, ಮನೆಯಲ್ಲಿ ಅಜ್ಜಿಗೋ ತಮ್ಮನಿಗೋ ಹೇಳುವ ಹಾಗೆ. ಓದುವಾಗ ಬಲಗಡೆಯನ್ನು ಮಡಚಿ ಮುಚ್ಚಿ, ಎಡಗಡೆಯ ಪ್ರಶ್ನೆ ನೋಡಿ ಉತ್ತರ ಹೇಳಿಕೊಳ್ಳಬೇಕು. ಮೂರನೇ ಕ್ಲಾಸು ಓದಿದ ನಾನು ಕೂಡ ತೆರಿಗೆ ಯಾಕೆ ಕಟ್ಟುತ್ತಾರೆ ಎಂದು ಈಗ ನಿದ್ದೆಗಣ್ಣಿನಲ್ಲಿ ಕೇಳಿದರೂ ಹೇಳಬಲ್ಲೆ.

ಸಂಕಟ ಒಂದೇ. ನಲವತ್ತೆರಡು ಪುಸ್ತಕ, ನಲವತ್ತೆರಡು ಥರ. ಪಕ್ಕದ 'ಬಿ' ವಿಭಾಗದ ಹಿರಿಯ ಮೇಷ್ಟ್ರು ಇಪ್ಪತ್ತಾರು ವರ್ಷದಿಂದ ಹೇಳಿ ಬರೆಸುತ್ತಿದ್ದಾರೆ. ಅವರ ಕ್ಲಾಸಿನ ಯಾವ ಪುಸ್ತಕ ತೆಗೆದರೂ ಅದೇ ಪುಟದಲ್ಲಿ ಅದೇ ಸಾಲು, ಕೆಂಪು ಗೆರೆ, ಕೆಳಗೆ ಸಹಿ. ಅವರು ಕೆಟ್ಟವರಲ್ಲ. ಇವಳ ಮೇಜಿನ ಮೇಲಿದ್ದ ಒಂದು ಪುಸ್ತಕ ತಿರುವಿ ನೋಡಿ, ಕೋಳಿ ಕೆದರಿದ ಹಾಗಿದೆಯಲ್ಲಮ್ಮ, ಅಧಿಕಾರಿ ಬಂದಾಗ ಇದನ್ನ ಯಾವ ಬಾಯಿಂದ ತೋರಿಸ್ತೀಯ ಎಂದು ಮೆಲ್ಲಗೆ ಕೇಳಿದರಂತೆ. ಇವಳು ನಕ್ಕು ಬಂದಳು. ಮನೆಗೆ ಬಂದು ನಲವತ್ತೆರಡನ್ನೂ ಮೇಜಿನ ಮೇಲೆ ಹರಡಿ ನೋಡುತ್ತ ಕೂತಳು. ಆಗ ನಗು ಇರಲಿಲ್ಲ.

ತನಿಖೆಯ ಅಧಿಕಾರಿ ಮಂಗಳವಾರ ಬಂದರು. ತೆಳ್ಳಗಿನ ಹೆಂಗಸು, ಮಾತು ಕಡಿಮೆ. ಪುಸ್ತಕ ನೋಡುವ ಮುಂಚೆ ನಾನೇ ಒಂದು ಪಾಠ ಹೇಳುತ್ತೇನೆ ಎಂದರು. ಎರಡು ವಿಭಾಗದ ಮಕ್ಕಳನ್ನೂ ಶಾಲೆಯ ದೊಡ್ಡ ಹಾಲ್‌ನಲ್ಲಿ ಕೂರಿಸಿ, ಇಬ್ಬರು ಟೀಚರನ್ನೂ ಸ್ಟಾಫ್ ರೂಮಿಗೆ ಕಳಿಸಿ, ಪಠ್ಯದಲ್ಲಿ ಇಲ್ಲದ ಒಂದು ವಿಷಯ ಹೇಳಿದರು. ಹೊಳೆಯ ಎರಡು ದಡದಲ್ಲಿದ್ದ ಒಂದು ಊರು, ಅಲ್ಲಿಗೆ ಸೇತುವೆ ಬಂದದ್ದು, ಆಮೇಲೆ ಅಂಬಿಗರ ಗತಿ ಏನಾಯಿತು ಅನ್ನುವುದು. ಇಪ್ಪತ್ತೈದು ನಿಮಿಷ, ಎಲ್ಲೂ ನಿಲ್ಲಿಸದೆ. ಮಕ್ಕಳು ಬರೆದುಕೊಂಡವು. ಶುಕ್ರವಾರ ಇದರ ಮೇಲೆ ಪ್ರಶ್ನೆ ಕೇಳುತ್ತೇನೆ ಎಂದು ಹೇಳಿ, ಎಲ್ಲ ನೋಟ್‌ಬುಕ್ಕನ್ನೂ ಎರಡು ಗೋಣಿಚೀಲದಲ್ಲಿ ತುಂಬಿಸಿಕೊಂಡು ಹೊರಟುಹೋದರು.

ಸೊಸೆ ಮನೆಗೆ ಬಂದಾಗ ಮುಖದ ಬಣ್ಣ ಇಳಿದಿತ್ತು. "ನಾನು ಕಲಿಸಿದ್ದೇ ಪುಸ್ತಕ ಮಡಚಿ ಓದೋದನ್ನ. ಪುಸ್ತಕಾನೇ ಹೋಯ್ತಲ್ಲ ಅತ್ತೆ" ಅಂದಳು. ಪಾಠ ಏನೆಂದು ಇವಳಿಗೂ ಗೊತ್ತಿಲ್ಲ, ಹೇಳಿಕೊಡುವುದಕ್ಕೂ ಬರುವುದಿಲ್ಲ, ಗೊತ್ತಿದ್ದರೂ ಹೇಳುವ ಜಾತಿಯವಳಲ್ಲ. ನನ್ನ ಮಗ ಬಸ್ಸಿನ ಶೆಡ್ಡಿನಿಂದ ಬಂದು, ಆಫೀಸು ಕುರ್ಚಿಗೆ ದಿಂಬು ಹೊಲಿಸಿಕೊಡಲಾ ಎಂದು ತಮಾಷೆ ಮಾಡಲು ಹೋಗಿ ಇಬ್ಬರಿಂದಲೂ ಬೈಸಿಕೊಂಡ.

ಬುಧವಾರ ನಾಲ್ಕೂವರೆಗೆ ನಮ್ಮ ಜಗಲಿಯ ಮುಂದೆ ಗದ್ದಲ. ಹನ್ನೆರಡು ಮಕ್ಕಳು, ಚೀಲ ಬೆನ್ನಿಗೆ ಹಾಕಿಕೊಂಡೇ ಬಂದಿದ್ದವು. ಮುಂದೆ ನಿಂತಿದ್ದವಳು ಟೈಲರ್ ಮಗಳು. ಅವಳ ಹಿಂದೆ ಬಾಯಿ ಮುಚ್ಚದ ಒಬ್ಬಳು, ಕ್ಲಾಸಿನಲ್ಲಿ ಅವಳಿಗೆ ರೇಡಿಯೊ ಎಂದೇ ಹೆಸರು. ಉದ್ದ ಕಾಲಿನ ಒಂಟೆ ಅನ್ನುವ ಹುಡುಗ. ಮೂಲೆಯಲ್ಲಿ ಗುಬ್ಬಿ ಎಂಬ ಸಣ್ಣ ಹುಡುಗಿ, ಅವಳ ದನಿ ಅವಳಿಗೇ ಕೇಳಿಸದು. ಮಿಸ್ ಏನೂ ಹೇಳಬೇಡಿ, ನಮಗೆ ಜಾಗ ಮಾತ್ರ ಕೊಡಿ ಎಂದರು. ಸೊಸೆ ಒಂದು ಡಬ್ಬಿ ಸೀಮೆಸುಣ್ಣ ನನ್ನ ಕೈಗೆ ಕೊಟ್ಟು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ಜಗಲಿಯ ನೆಲದ ಮೇಲೆ ಅವರು ದೊಡ್ಡ ಹಾಳೆಯ ಹಾಗೆ ಗೆರೆ ಎಳೆದರು. ಎಡಗಡೆ ನಾಲ್ಕು ಬೆರಳಿನ ಬದಲು ನಾಲ್ಕು ಮೊಳ. ತಮ್ಮ ಪುಸ್ತಕದ ಎಡಗಡೆ ಯಾವ ಪ್ರಶ್ನೆ ಬರೆದಿದ್ದೆವು ಎಂದು ಒಬ್ಬೊಬ್ಬರೇ ನೆನಪು ಮಾಡಿಕೊಂಡು ಮೊದಲು ಅದನ್ನು ಬರೆದರು. ಪ್ರಶ್ನೆ ಬಂದ ಮೇಲೆ ಉತ್ತರ ಹಿಂದೆಯೇ ಬಂತು. ಪುಸ್ತಕದಲ್ಲಿ ಸೇತುವೆಯ ಚಿತ್ರ ಹಾಕಿದ್ದ ಒಂಟೆ, ಕಂಬ ಎಲ್ಲೆಲ್ಲಿ ಎಂದು ಬರೆದ. ಟೈಲರ್ ಮಗಳು ಸಂತೆ ಈ ದಡದಿಂದ ಆ ದಡಕ್ಕೆ ಹೋದದ್ದನ್ನು ಬಾಣ ಹಾಕಿ ತೋರಿಸಿದಳು. ಅಂಬಿಗರು ಕೊಟ್ಟ ಅರ್ಜಿ ರೇಡಿಯೊಗೆ ಪೂರ್ತಿ ನೆನಪಿತ್ತು, ತನ್ನ ಅಣ್ಣನಿಗೆ ಅದೇ ದಿನ ಕಥೆ ಮಾಡಿ ಹೇಳಿದ್ದಳಂತೆ. ಒಬ್ಬರದು ಇನ್ನೊಬ್ಬರಲ್ಲಿ ಇರಲಿಲ್ಲ. ಕೊನೆಗೆ ಏನಾಯಿತು ಎಂಬ ಪ್ರಶ್ನೆಗೆ ಎಲ್ಲರೂ ಮುಖ ಮುಖ ನೋಡಿಕೊಂಡರು. ಆಗ ಗುಬ್ಬಿ ಎದ್ದು ಬಂದು, ಯಾರನ್ನೂ ನೋಡದೆ ಬರೆದಳು: ಕೆಲವು ಅಂಬಿಗರು ಅದೇ ಸೇತುವೆಗೆ ಬಣ್ಣ ಹೊಡೆಯುವ ಕೆಲಸಕ್ಕೆ ಸೇರಿದರು.

"ಅಯ್ಯೋ ಹೌದು ಕಣೇ. ಇಷ್ಟು ಹೊತ್ತು ಎಲ್ಲಿಟ್ಟಿದ್ದೆ ಇದನ್ನ?" ಅಂದಳು ರೇಡಿಯೊ.

"ನೀನು ಬಾಯಿ ಮುಚ್ಚಲಿ ಅಂತ ಕಾಯ್ತಿದ್ದೆ" ಅಂದಳು ಗುಬ್ಬಿ.

ನಾನು ನೀರಿನ ಚೊಂಬು ಹಿಡಿದು ಒಳಗೂ ಹೊರಗೂ ಓಡಾಡುತ್ತಿದ್ದೆ. ಒಳಗೆ ಸೊಸೆ ಹುರುಳಿಕಾಯಿ ಹೆಚ್ಚುತ್ತಿದ್ದಳು. ಅರ್ಧ ಸೇರು ಸಾಕಾಗಿತ್ತು, ಎರಡು ಸೇರು ಹೆಚ್ಚಿ ಹಾಕಿದ್ದಳು. ಏನಾಯಿತು ಅತ್ತೆ, ಈಗ ಏನಾಯಿತು ಎಂದು ಪಿಸುಗುಟ್ಟುವಳು, ನಾನು ಬಾಯಿ ತೆರೆದ ಕೂಡಲೇ ಬೇಡ ಬೇಡ ಹೇಳಬೇಡಿ ಅನ್ನುವಳು.

ಅಷ್ಟರಲ್ಲಿ ಹೊರಗೆ ಜಗಳ. ಊರಿನಲ್ಲಿ ಅಂಬಿಗರು ಎಷ್ಟು ಮಂದಿ ಇದ್ದರು? ಟೈಲರ್ ಮಗಳು ಮೂವತ್ತೆಂಟು ಅಂದಳು. ಒಂಟೆ ಎಂಬತ್ತಮೂರು ಅಂದ, ಅಷ್ಟು ದೊಡ್ಡ ಊರಿಗೆ ಮೂವತ್ತೆಂಟು ಎಲ್ಲಿ ಸಾಲುತ್ತದೆ ಎಂದು ವಾದ ಮಾಡಿದ. ಹತ್ತು ನಿಮಿಷವಾದರೂ ಬಗೆಹರಿಯಲಿಲ್ಲ. ಆಮೇಲೆ ಕೈ ಎತ್ತಿಸಿದರು. ಎಂಬತ್ತಮೂರಕ್ಕೆ ಏಳು ಕೈ, ಮೂವತ್ತೆಂಟಕ್ಕೆ ಐದು. ಟೈಲರ್ ಮಗಳು ಮುಖ ಕೆಂಪು ಮಾಡಿಕೊಂಡಳು, ಆದರೆ ಸೀಮೆಸುಣ್ಣ ತೆಗೆದುಕೊಂಡು ತನ್ನ ಕೈಯಾರೆ ಎಂಬತ್ತಮೂರು ಎಂದು ಬರೆದಳು. ಗುರುವಾರ ಬೆಳಗ್ಗೆ ಗಂಟೆ ಹೊಡೆಯುವ ಮುಂಚೆ ಈ ಹನ್ನೆರಡು ಜನ ಉಳಿದ ಮೂವತ್ತು ಮಂದಿಗೂ ಎಲ್ಲವನ್ನೂ ಹೇಳಿದರು. ಅವರಿಗೆ ನೆನಪಿದ್ದದ್ದನ್ನೂ ಸೇರಿಸಿಕೊಂಡರು.

ಶುಕ್ರವಾರ ಐದು ಪ್ರಶ್ನೆ. ಮಧ್ಯಾಹ್ನ ಮೂರಕ್ಕೆ ಹೆಡ್‌ಮಿಸ್ ಕೋಣೆಗೆ ನನ್ನ ಸೊಸೆಯನ್ನು ಕರೆದರು. ಮೇಜಿನ ಮೇಲೆ ಒಂದು ಕಡೆ ಉತ್ತರದ ಹಾಳೆ, ಒಂದು ಕಡೆ ನೋಟ್‌ಬುಕ್ಕು. 'ಬಿ' ವಿಭಾಗದವರು ಮೊದಲ ಮೂರು ಪ್ರಶ್ನೆಗೆ ನಮ್ಮವರಿಗಿಂತ ಚೆನ್ನಾಗಿ ಬರೆದಿದ್ದರು. ಅಧಿಕಾರಿಯ ಮಾತನ್ನು ಅಕ್ಷರ ಬಿಡದೆ ಬರೆದುಕೊಂಡವರು ಅವರು. ಆದರೆ ಎಲ್ಲರ ಕೈಯೂ ಹೆಚ್ಚು ಕಡಿಮೆ ಒಂದೇ ಕಡೆ ಸೋತಿತ್ತು, ಅಲ್ಲಿಂದ ಮುಂದೆ ಯಾರ ಪುಸ್ತಕದಲ್ಲೂ ಇರಲಿಲ್ಲ. ಕೊನೆಯ ಎರಡಕ್ಕೆ ಹಾಳೆ ಖಾಲಿ. ನಮ್ಮವರಲ್ಲಿ ಮೂವತ್ತೊಂದು ಮಂದಿ ಕೊನೆಯವರೆಗೂ ಬರೆದಿದ್ದರು. ಇದೇ ಕುತ್ತಾಯಿತು. ಬಣ್ಣ ಹೊಡೆಯುವ ಸಂಗತಿ ಒಂದೇ ಒಂದು ನೋಟ್‌ಬುಕ್ಕಿನಲ್ಲಿದೆ, ಮೂವತ್ತೊಂದು ಉತ್ತರದಲ್ಲಿ ಹೇಗೆ ಬಂತು ಎಂದು ಅಧಿಕಾರಿ ಕೇಳಿದರು. ಮೇಲಾಗಿ ಮೂವತ್ತೊಂದು ಜನವೂ ಅಂಬಿಗರು ಎಂಬತ್ತಮೂರು ಎಂದೇ ಬರೆದಿದ್ದರು. ಅಧಿಕಾರಿ ಹೇಳಿದ್ದು ಮೂವತ್ತೆಂಟು.

"ಇಷ್ಟು ಜನ ಒಂದೇ ತಪ್ಪು ಮಾಡಿದ್ರೆ ಅದನ್ನ ಯಾರೋ ಒಬ್ಬರು ಹೇಳ್ಕೊಟ್ಟಿರ್ತಾರೆ ಟೀಚರ್" ಅಂದರಂತೆ.

ನಾನು ಹೇಳಿಕೊಡಲಿಲ್ಲ, ನಾನು ಅಡುಗೆಮನೆಯಲ್ಲಿದ್ದೆ ಎಂದಷ್ಟೇ ಸೊಸೆಯ ಬಾಯಿಂದ ಬಂತು. ಅಡುಗೆಮನೆ ಎಲ್ಲಿಂದ ಬಂತು ಎಂದು ಹೆಡ್‌ಮಿಸ್‌ಗೆ ತಿಳಿಯಲಿಲ್ಲ. ಕೊನೆಗೆ ಮಕ್ಕಳನ್ನೇ ಕೇಳೋಣ ಎಂದು ಟೈಲರ್ ಮಗಳನ್ನು ಕರೆಸಿದರು. ರೇಡಿಯೊ ಕರೆಯದೆಯೇ ಹಿಂದೆ ಬಂದಳು.

ಅಧಿಕಾರಿ ಟೈಲರ್ ಮಗಳ ನೋಟ್‌ಬುಕ್ ಬಿಡಿಸಿದರು. ಅಲ್ಲಿ ದಪ್ಪಗೆ ಮೂವತ್ತೆಂಟು ಎಂದಿತ್ತು, ಸುತ್ತ ಒಂದು ವೃತ್ತ ಬೇರೆ. ಉತ್ತರದ ಹಾಳೆಯಲ್ಲಿ ಎಂಬತ್ತಮೂರು. ಸರಿಯಾಗಿ ಗೊತ್ತಿದ್ದೂ ತಪ್ಪು ಯಾಕೆ ಬರೆದೆ ಎಂದು ಕೇಳಿದರು.

"ಮತದಲ್ಲಿ ಸೋತೆ ಮೇಡಂ" ಅಂದಳು ಹುಡುಗಿ. "ಏಳು-ಐದು. ಬಹುಮತ ಬಂದ ಮೇಲೆ ಸೋತವರೂ ಒಪ್ಕೋಬೇಕು ಅಂತ ಮಿಸ್ ಚುನಾವಣೆ ಪಾಠದಲ್ಲಿ ಹೇಳಿದಾರೆ. ನನ್ನ ಪುಸ್ತಕದಲ್ಲಿದೆ, ಕೆಳಗಿನ ಎರಡು ಸಾಲು ನೋಡಿ."

ಅಧಿಕಾರಿ ಪುಟ ತಿರುವಿ ಆ ಎರಡು ಸಾಲು ಓದಿದರು. ರೇಡಿಯೊ ಜಗಲಿಯ ಕಥೆಯನ್ನು ಮೊದಲಿಂದ ಕೊನೆಯವರೆಗೆ, ನಾನು ಎಷ್ಟು ಚೊಂಬು ನೀರು ಕೊಟ್ಟೆ ಎನ್ನುವುದನ್ನೂ ಸೇರಿಸಿ ಹೇಳಿದಳು. ಯಾರ್ಯಾರು ಮೂವತ್ತೆಂಟಕ್ಕೆ ಕೈ ಎತ್ತಿದ್ದರು ಎಂದು ಬೆರಳು ಮಡಚಿ ಎಣಿಸಿದಳು. ಆ ಐವರ ನೋಟ್‌ಬುಕ್ ತೆಗೆಸಿ ನೋಡಿದರೆ ಐದರಲ್ಲೂ ಮೂವತ್ತೆಂಟು. ಮಾತು ಕಡಿಮೆಯ ಆ ಹೆಂಗಸು ಮೊದಲು ಕರವಸ್ತ್ರ ಬಾಯಿಗೆ ಒತ್ತಿ ಹಿಡಿದರಂತೆ. ತಡೆಯಲಾಗದೆ ನಕ್ಕರು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಹೇಳಿಕೊಟ್ಟವರು ಯಾರಾದರೂ ಇದ್ದಿದ್ದರೆ ಇಂಥ ತಪ್ಪು ಹುಟ್ಟುತ್ತಲೇ ಇರಲಿಲ್ಲ, ಸಾಕು ಬಿಡಿ ಎಂದು ಹೆಡ್‌ಮಿಸ್‌ಗೆ ಹೇಳಿ ಅಲ್ಲೇ ವರದಿ ಬರೆಯಲು ಕೂತರು.

ಸೊಸೆ ಐದೂಕಾಲಿಗೆ ಬಂದಳು. ಚಪ್ಪಲಿ ಬಿಡಲಿಲ್ಲ, ಚೀಲ ಇಳಿಸಲಿಲ್ಲ, ಎಲ್ಲವನ್ನೂ ಒಂದೇ ಉಸಿರಿಗೆ ಹಿಂದುಮುಂದಾಗಿ ಹೇಳತೊಡಗಿದಳು. ಅಂಬಿಗರು, ಕರವಸ್ತ್ರ, ಗೋಣಿಚೀಲ, ಯಾವುದೂ ನನಗೆ ಅರ್ಥವಾಗಲಿಲ್ಲ. ನಿಧಾನವಾಗಿ ಹೇಳಮ್ಮ, ಕ್ಲಾಸು ಏನಾಯಿತು ಎಂದು ಅವಳ ತೋಳು ಹಿಡಿದು ನಿಲ್ಲಿಸಿದೆ.

"ನಂದೇ ಅತ್ತೆ. ಕ್ಲಾಸು ನಂದೇ."

ಆಮೇಲೆ ಇಬ್ಬರೂ ಕೂತೆವು. ಮೊದಲಿಂದ ಹೇಳಿದಳು, ನಾನು ಎರಡು ಸಲ ಹೇಳಿಸಿದೆ. ಅಕ್ಷರ ಸುಧಾರಿಸಬೇಕು ಎಂದೂ ಅಧಿಕಾರಿ ಬರೆದಿದ್ದಾರೆ, ಅದು ನ್ಯಾಯವೇ. ಹಿರಿಯ ಮೇಷ್ಟ್ರು ಬಾಗಿಲಲ್ಲಿ ಕಾಯುತ್ತಿದ್ದು, ಆ ಗೆರೆ ಎಡಗಡೆ ಎಷ್ಟು ಬೆರಳು ಬಿಟ್ಟು ಹಾಕೋದಮ್ಮ ಎಂದು ಕೇಳಿದರಂತೆ.

ನನ್ನ ಮಗ ಬರುವ ಹೊತ್ತಿಗೆ ಅವಳು ಮೇಜಿನ ಮೇಲೆ ಹೊಸ ಹಾಳೆ ಇಟ್ಟುಕೊಂಡು ಗೆರೆ ಎಳೆಯುತ್ತಿದ್ದಳು. ಸೋಮವಾರದ ಪಾಠ. ಯಾವುದನ್ನು ಕೈ ಎತ್ತಿ ತೀರ್ಮಾನಿಸಬಹುದು, ಯಾವುದನ್ನು ಪುಸ್ತಕ ತೆಗೆದು ನೋಡಿಯೇ ತೀರಬೇಕು. ಪಾಠ ಶುರುವಾಗುವ ಮುಂಚೆ ಟೈಲರ್ ಮಗಳನ್ನು ಮುಂದೆ ನಿಲ್ಲಿಸಿ, ನೀನು ಸರಿ ಇದ್ದೆ ಎಂದು ನಲವತ್ತೊಂದು ಜನರ ಎದುರಿಗೆ ಹೇಳುತ್ತಾಳಂತೆ.