ಕಟಕಟೆಯಾಚೆ ಚಾಚಿದ ಕೈ

ಜಡ್ಜ್ ಒಲೀಟಾ ಸ್ಟ್ಯಾಂಪರ್ ಅವರ ಕಚೇರಿಯಲ್ಲಿ ನನಗೆ ಕೆಲಸ ಸಿಕ್ಕಾಗ ನನ್ನ ಮಗಳು ವಿಲ್ಲಾಗೆ ಮೂರು ತಿಂಗಳು. ಮಗುವನ್ನು ನೋಡಿಕೊಳ್ಳುವವರು ಸಿಕ್ಕಿಲ್ಲ, ಒಂದು ವಾರ ತಡವಾಗಿ ಸೇರಲೇ ಎಂದು ಕೇಳಲು ಫೋನ್ ಮಾಡಿದ್ದೆ.

"ಅಳುತ್ತಾ?" ಎಂದರು.

"ಅಳುತ್ತೆ, ಜಡ್ಜ್."

"ವಕೀಲರೂ ಅಳ್ತಾರೆ. ಕರ್ಕೊಂಡು ಬಾ."

ಅಂದಿನಿಂದ ಕಾನೂನು ಪುಸ್ತಕಗಳ ಕಪಾಟಿನ ಪಕ್ಕ ವಿಲ್ಲಾಳ ಬುಟ್ಟಿ. ಅವಳು ಮಲಗಿದಾಗ ಟೈಪು, ಎದ್ದಾಗ ಹಾಲು, ನಡುವೆ ಉಳಿದ ಹೊತ್ತಿನಲ್ಲಿ ಡೈರಿಗೆ ನಾಲ್ಕು ಸಾಲು. ಈ ಬರಹವೂ ಹೆಚ್ಚುಕಡಿಮೆ ಆ ಸಾಲುಗಳೇ.

ಐದು ರಾಜ್ಯಗಳ ಮೇಲ್ಮನವಿಗಳನ್ನು ಕೇಳುವ ಫೆಡರಲ್ ನ್ಯಾಯಾಲಯದಲ್ಲಿ ಜಡ್ಜ್ ಇಪ್ಪತ್ತನಾಲ್ಕು ವರ್ಷದಿಂದ ಕೂತಿದ್ದಾರೆ. ವಿಚಾರಣೆಗೆ ದೂರದ ನಗರಕ್ಕೆ ಹೋಗಬೇಕು. ಉಳಿದ ದಿನಗಳಲ್ಲಿ ಅವರ ಕಚೇರಿ ನಮ್ಮೂರಿನ ಅಂಚೆ ಕಚೇರಿಯ ಮಹಡಿಯೇ. ಮಧ್ಯಾಹ್ನ ಮಾಂಸ ತುಂಬಿದ ಬನ್ನು, ಪೆಪ್ಪರೋನಿ ರೋಲ್ ತಿನ್ನುತ್ತ ತೀರ್ಪು ಹೇಳಿ ಬರೆಸುತ್ತಾರೆ. ಅವರ ತಂದೆ ಓರ್ವಿಲ್ ಇದೇ ಬೆಟ್ಟದ ಕಲ್ಲಿದ್ದಲ ಗಣಿಯಲ್ಲಿ ಮೂವತ್ತೊಂದು ವರ್ಷ ದುಡಿದವರು. ದೂಳು ಕುಡಿದು ಎದೆ ಕರಿಯಾಗಿ ಪರಿಹಾರ ಕೇಳಿದಾಗ, ಇವರ ಉಬ್ಬಸಕ್ಕೆ ಮನೆಯ ಕೋಳಿಗೂಡೇ ಕಾರಣ ಎಂದು ಕಂಪನಿಯ ಡಾಕ್ಟರು ಬರೆದರು. ಮನೆಯಲ್ಲಿದ್ದದ್ದು ಮೂರು ಕೋಳಿ. ಆ ಕಾಗದವನ್ನು ತಂದೆಗೆ ಓದಿ ಹೇಳಿದವಳು ಹನ್ನೆರಡು ವರ್ಷದ ಒಲೀಟಾ.

ಮುಂದೆ ಶಾಲೆಯಲ್ಲಿ ಟೀಚರಾದರು, ಎರಡು ಮಕ್ಕಳಾದ ಮೇಲೆ ಕಾನೂನು ಓದಿದರು, ಊರಲ್ಲೇ ವಕೀಲಿ ಮಾಡಿದರು. ದೇಶದ ಅಧ್ಯಕ್ಷರು ಈ ನ್ಯಾಯಾಲಯಕ್ಕೆ ಅವರ ಹೆಸರು ಸೂಚಿಸಿದಾಗ ಸೆನೆಟ್ಟಿನಲ್ಲಿ ಒಬ್ಬರು ಕೇಳಿದರಂತೆ: "ನಿಮ್ಮ ತಂದೆ ಗಣಿ ಕೆಲಸದೋರು. ಗಣಿ ಕಂಪನಿಗಳ ಮೊಕದ್ದಮೆ ಬಂದ್ರೆ ನ್ಯಾಯವಾಗಿ ನಡ್ಕೋತೀರಾ?"

"ನಿಮ್ಮ ತಂದೆಯವರದು ಬ್ಯಾಂಕು ಅಂತ ಕೇಳಿದೀನಿ," ಎಂದರಂತೆ ಇವರು. "ಬ್ಯಾಂಕಿನ ಮಸೂದೆ ಬಂದಾಗ ನೀವು ಎದ್ದು ಹೊರಗೆ ಹೋಗ್ತೀರಾ?"

ಮೂರೇ ಮತಗಳ ಅಂತರದಲ್ಲಿ ನೇಮಕವಾಯಿತು.

ಕಳೆದ ಅಕ್ಟೋಬರಿನಲ್ಲಿ ನೀವಾ ಸ್ಕ್ಯಾಗ್ಸ್ ಎಂಬ ವಿಧವೆಯ ಮೊಕದ್ದಮೆ ಬಂತು. ಗಂಡ ಗಣಿಯಲ್ಲಿ ಇಪ್ಪತ್ತಾರು ವರ್ಷ ದುಡಿದು ಸತ್ತಿದ್ದ. ಆತನ ಎಕ್ಸ್‌ರೇಯಲ್ಲಿದ್ದ ಕಲೆಗಳು ಕ್ಷಯದವು ಇರಬಹುದು ಎಂದು ಕಂಪನಿಯ ಡಾಕ್ಟರು ಬರೆದಿದ್ದರು. ಮೂರು ಸಲ ಕಫ ಪರೀಕ್ಷೆ ಮಾಡಿದರೂ ಕ್ಷಯ ಸಿಕ್ಕಿರಲಿಲ್ಲ. ಆದರೂ ಕೆಳಹಂತದ ಅಧಿಕಾರಿಗಳು ವಿಧವಾವೇತನ ನಿರಾಕರಿಸಿದ್ದರು. ಜಡ್ಜ್ ಆಗಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರಿಂದ ವಿಚಾರಣೆಗೆ ಐದು ಗಂಟೆ ಕಾರು ಓಡಿಸಿದವಳು ನಾನು. ವಿಲ್ಲಾಳನ್ನು ಅಮ್ಮನ ಹತ್ತಿರ ಬಿಟ್ಟಿದ್ದೆ. ಕೋರ್ಟಿನ ಕೊನೆಯ ಬೆಂಚಿನಲ್ಲಿ ನನ್ನ ಪಕ್ಕ ಕೂತಿದ್ದ ನೀವಾ ಮಿನುಗುಪಟ್ಟಿಯ ಗಣಿ ಜಾಕೆಟ್ ತೊಟ್ಟಿದ್ದಳು. ತೋಳು ಬೆರಳು ಮುಚ್ಚುವಷ್ಟು ಉದ್ದ.

"ಇದು ಅವನದು," ಎಂದಳು ನಾನು ಕೇಳುವ ಮೊದಲೇ. "ಒಳಗೆ ಇಷ್ಟು ಚಳಿ ಇಟ್ಕೊಂಡು ಹೆಂಗೆ ಯೋಚನೆ ಮಾಡ್ತಾರೋ."

ನಮ್ಮ ಕೋರ್ಟಿನಲ್ಲಿ ಒಂದು ಪದ್ಧತಿಯಿದೆ. ವಾದ ಮುಗಿದ ಮೇಲೆ ಮೂವರು ನ್ಯಾಯಾಧೀಶರೂ ಪೀಠದಿಂದ ಇಳಿದು ಬಂದು ಎರಡೂ ಕಡೆಯ ವಕೀಲರ ಕೈ ಕುಲುಕುತ್ತಾರೆ. ವಕೀಲರದು ಮಾತ್ರ. ಅಂದು ಜಡ್ಜ್ ಮೊದಲು ಕಂಪನಿಯ ವಕೀಲ ಗ್ರೇಡನ್ ಫಿಚ್‌ಗೆ ಕೈ ಕೊಟ್ಟರು, ಆಮೇಲೆ ವಿಧವೆಯ ವಕೀಲನಿಗೆ. ಅಲ್ಲಿಗೆ ನಿಲ್ಲಲಿಲ್ಲ. ವಕೀಲರನ್ನೂ ಜನರನ್ನೂ ಬೇರ್ಪಡಿಸುವ ಕಟಕಟೆಯ ತನಕ ನಡೆದು ಬಂದರು. ತನ್ನ ವಕೀಲನನ್ನು ಕಾಣಲು ಮುಂದೆ ಬಂದಿದ್ದ ನೀವಾ ಅಲ್ಲೇ ನಿಂತಿದ್ದಳು. ಕಟಕಟೆಯ ಮೇಲಿಂದ ಕೈ ಚಾಚಿದರು.

"ದೂರದಿಂದ ಬಂದಿದೀರಿ. ಹುಷಾರಾಗಿ ಹೋಗಿ."

"ಬೆಳಗಿನ ಜಾವ ಹೊರಟ್ವಿ, ಅಮ್ಮಾ," ಎಂದಳು ನೀವಾ. ಅಷ್ಟೇ ಮಾತು.

ಅಂದು ಮಧ್ಯಾಹ್ನ ಮೂವರೂ ಬಾಗಿಲು ಹಾಕಿಕೊಂಡು ಮತ ಹಾಕಿದರು. ನೀವಾ ಪರವಾಗಿ ಇಬ್ಬರು, ವಿರುದ್ಧ ಒಬ್ಬರು. ಆ ಇಬ್ಬರಲ್ಲಿ ಒಬ್ಬರು ನಮ್ಮ ಜಡ್ಜ್.

ಮುಂದಿನ ಸೋಮವಾರ ಫಿಚ್‌ನ ಅರ್ಜಿ ಬಂತು: ಜಡ್ಜ್ ಸ್ಟ್ಯಾಂಪರ್ ಕಕ್ಷಿದಾರಳ ಕೈ ಕುಲುಕಿ ಒಲವು ತೋರಿದ್ದಾರೆ, ಈ ಮೊಕದ್ದಮೆಯಿಂದ ಹಿಂದೆ ಸರಿಯಬೇಕು. ನಮ್ಮಲ್ಲಿ ಅಂಥ ಅರ್ಜಿಯನ್ನು ಮೊದಲು ತೀರ್ಮಾನಿಸುವವರು ಆ ನ್ಯಾಯಾಧೀಶರೇ. ಅವರು ಹಿಂದೆ ಸರಿದರೆ ಚೀಟಿ ಎತ್ತಿ ಬೇರೊಬ್ಬರನ್ನು ಕೂರಿಸುತ್ತಾರೆ, ನೀವಾಳ ವೇತನ ಆ ಚೀಟಿಯ ಅದೃಷ್ಟಕ್ಕೆ ಬೀಳುತ್ತದೆ.

ಮುಖ್ಯ ನ್ಯಾಯಾಧೀಶ ವಿಟ್ಲೋ ಫೋನ್ ಮಾಡಿದರು. ಜಡ್ಜ್ ಕೈಯಲ್ಲಿ ರೋಲ್ ಇತ್ತು. ಧ್ವನಿ ಹೊರಗೆ ಕೇಳುವ ಗುಂಡಿ ಒತ್ತಿದರು.

"ಒಲೀಟಾ, ಸುಮ್ನೆ ಸರಿದುಬಿಡು. ಎಪ್ಪತ್ತೆಂಟಾಯ್ತು. ಹಿರಿಯರ ಪಟ್ಟಿಗೆ ಸೇರ್ಕೊ, ಅರ್ಧ ಕೆಲಸ ಮಾಡು. ನಿನ್ನ ಕುರ್ಚಿಗೆ ಹೊಸಬರು ಬರ್ಲಿ."

"ನಿಂಗೆಷ್ಟು ವಿಟ್ಲೋ, ಅರವತ್ತೊಂಬತ್ತಾ?"

"ನಾನು ಯಾರ ಕೈನೂ ಹಿಡೀಲಿಲ್ಲ."

"ಅದನ್ನ ನಿಮ್ಮನೆಯವರೂ ಹೇಳ್ತಿದ್ರು."

ವಿಟ್ಲೋ ನಕ್ಕುಬಿಟ್ಟರು, ಆಮೇಲೆ ಗಂಭೀರವಾಗಿ, "ಯೋಚನೆ ಮಾಡು," ಎಂದು ಇಟ್ಟರು. ವಿಲ್ಲಾ ಎದ್ದು ಚೀರತೊಡಗಿದಳು. ಎತ್ತಿಕೊಂಡು ತಟ್ಟುತ್ತ ನಾನು ಕೇಳಿದೆ: "ತಪ್ಪಾಯ್ತು ಅನ್ಸುತ್ತಾ, ಜಡ್ಜ್?"

ಅವರು ರೋಲ್ ಕೆಳಗಿಟ್ಟರು. "ಜಾಣತನ ಅಲ್ಲ, ಮಗಾ. ಅವಳು ಸೋಲೋ ಹಂಗಿದ್ರೆ ಈ ಫಿಚ್ ಅದನ್ನ ದೊಡ್ಡತನ ಅಂತಿದ್ದ. ಗೆಲ್ಲೋ ವಾಸನೆ ಬಡಿದು ಹೆದರಿದಾನೆ. ಬರ್ಕೋ."

ಒಂದೇ ಪುಟ ಹೇಳಿದರು. ಆ ದಿನ ಮೊದಲು ಕೈ ಕುಲುಕಿದ್ದು ಶ್ರೀ ಫಿಚ್ ಅವರದು. ಅವರು ಹಿಡಿದದ್ದು ಬಿಗಿಯಾಗಿ, ಹೆಚ್ಚು ಹೊತ್ತು. ಅದರಿಂದ ನಾನು ಕಂಪನಿಯ ಕಡೆ ವಾಲಲಿಲ್ಲ; ವಾಲಿದ್ದೇನೆಂದು ವಿಧವೆ ದೂರಲೂ ಇಲ್ಲ. ಒಂದು ಕೈಗೆ ಸಭ್ಯತೆ, ಇನ್ನೊಂದು ಕೈಗೆ ಪಕ್ಷಪಾತ ಎಂದು ಹೆಸರಿಡುವ ಕಾನೂನು ನನಗೆ ಸಿಕ್ಕಿಲ್ಲ. ಅರ್ಜಿ ವಜಾ.

ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಟೈಪು. ತಪ್ಪಿಲ್ಲದೆ ಮುಗಿಯಲು ಮುಕ್ಕಾಲು ಗಂಟೆ ಬೇಕಾಯಿತು.

ಡಿಸೆಂಬರಿನಲ್ಲಿ ತೀರ್ಪು ಹೊರಬಂತು, ನೀವಾ ಗೆದ್ದಳು. ಅರ್ಧ ಗಂಟೆಗೆ ವಿಟ್ಲೋ ಫೋನ್: ಎಲ್ಲ ನ್ಯಾಯಾಧೀಶರೂ ಕೂತು ಮತ್ತೆ ಕೇಳಲಿ ಎಂದು ಕಂಪನಿ ಅರ್ಜಿ ಹಾಕುತ್ತದಂತೆ.

"ಹಾಕ್ಲಿ," ಎಂದರು ಜಡ್ಜ್. "ಹದಿನೈದು ಕುರ್ಚಿ ಇದಾವೆ. ಒಂದರಲ್ಲಿ ನಾನಿರ್ತೀನಿ."

ಫೆಬ್ರವರಿಯಲ್ಲಿ ಆ ಅರ್ಜಿ ಬಹುಮತ ಸಿಗದೆ ಬಿದ್ದುಹೋಯಿತು. ವೇತನ ಖಚಿತವಾಯಿತು. ಕಕ್ಷಿದಾರರಿಗೆ ನಾವು ಫೋನ್ ಮಾಡುವಂತಿಲ್ಲ; ನೀವಾಳ ಮುಖ ನೋಡುವ ಆಸೆ ಆಸೆಯಾಗಿಯೇ ಉಳಿಯಿತು.

"ಈಗ ಹಿರಿಯರ ಪಟ್ಟಿಗೆ ಬರೀಲಾ?" ಎಂದು ಕೇಳಿದೆ. ಅವರು ದಣಿದದ್ದು ನನಗೆ ಕಾಣುತ್ತಿತ್ತು.

"ವಿಟ್ಲೋಗೆ ಬರಿ," ಎಂದರು. "ಮುಂದಿನ ವರ್ಷ ನನಗೆ ಪೂರ್ತಿ ಪಾಲಿನ ಮೊಕದ್ದಮೆ ಬೇಕು. ಗಣಿಯವು ಬಂದ್ರೆ ಅವೂ ಇರ್ಲಿ. ಅರ್ಧ ಪಾಲು ಕಳಿಸಿದ್ರೆ ಹಾಗೇ ವಾಪಸ್ ಬರುತ್ತೆ ಅಂತ ಸೇರ್ಸು."

ಸೇರಿಸಿದೆ. ಸಹಿ ಹಾಕಿಸಿ, ಕೆಳಗಿಳಿದು ನಾನೇ ಅಂಚೆಗೆ ಹಾಕಿ ಬಂದೆ.