ಲತಾಶ್ರೀ ಬರೆದ ವೃತ್ತಗಳು

ಲತಾಶ್ರೀಗೆ ಪಿಎಚ್.ಡಿ. ಹುಚ್ಚು ಹತ್ತಿದ್ದು ಗಂಡನ ಕೆಲಸಕ್ಕಾಗಿ ದೇಶ ಬಿಟ್ಟು ಫಾರ್ಮಿಂಗ್ಟನ್ ಹಿಲ್ಸಿಗೆ ಬಂದ ಮೇಲೆ. ಗುಂಡ್ಲುಪೇಟೆಯ ಪಿಯು ಕಾಲೇಜಿನಲ್ಲಿ ಭೂಗೋಳ ಪಾಠ ಮಾಡುತ್ತಿದ್ದಾಗ ಅವಳಿಗೆ ಅಂಥ ಯೋಚನೆಯೇ ಇರಲಿಲ್ಲವಂತೆ. ಇಲ್ಲಿ ಮನೆಯೊಳಗೆ ಕೂತು ಕೂತು ತಲೆ ಚಿಟ್ಟು ಹಿಡಿದಾಗ ಹುಟ್ಟಿದ ಆಸೆ ಅದು. ಅವಳ ಕಥೆ ನನಗೆ ಇಷ್ಟು ಚೆನ್ನಾಗಿ ಗೊತ್ತಿರುವುದಕ್ಕೆ ಕಾರಣ, ಅವಳನ್ನು ದಿನಸಿಗೆ, ದೇವಸ್ಥಾನಕ್ಕೆ, ಹಲ್ಲಿನ ಡಾಕ್ಟರ ಹತ್ತಿರಕ್ಕೆ ಕರೆದುಕೊಂಡು ಹೋಗುವ ಕಾರು ನನ್ನದು. ನಾನಿರುವುದು ಪಕ್ಕದ ಊರಾದ ನಾರ್ತ್‌ವಿಲ್‌ನಲ್ಲಿ.

ಅವಳಿಗೆ ಕಾರು ಓಡಿಸಲು ಬರುವುದಿಲ್ಲ ಅಂತಲ್ಲ. ಗಂಡ ಕಿಶೋರನ ವೀಸಾ ಮುಂದುವರಿಸುವ ಕಾಗದವನ್ನು ಕಂಪನಿಯವರು ದುಡ್ಡು ಕಟ್ಟಿ ಬೇಗ ಮಾಡಿಸಿಕೊಂಡರು. ಹೆಂಡತಿಯ ಅರ್ಜಿ ಮಾತ್ರ ಹಿಂದೆ ಉಳಿಯಿತು. ಅವಳ ವೀಸಾದ ಅವಧಿ ಮುಗಿದ ದಿನವೇ ಕಾರು ಓಡಿಸುವ ಲೈಸೆನ್ಸಿನ ಅವಧಿಯೂ ಮುಗಿಯಿತು. ಅರ್ಜಿ ಎಲ್ಲೋ ಒಂದು ಕಡೆ ಕೂತಿದೆ, ಅದು ಏಳುವವರೆಗೆ ಇವಳೂ ಕೂತಿರಬೇಕು. ಅವರ ಸಬ್‌ಡಿವಿಷನ್ ಎನ್ನುವ ಬಡಾವಣೆಯ ಬಾಯಿ ದಾಟಿದರೆ ಐವತ್ತು ಮೈಲಿ ವೇಗದಲ್ಲಿ ಕಾರುಗಳು ಹೋಗುವ ರಸ್ತೆ. ಬದಿಯಲ್ಲಿ ನಡೆಯುವುದಕ್ಕೆ ಜಾಗವೇ ಇಲ್ಲ. ನಡೆದವರನ್ನು ಕಾರಿನವರು ಪಾಪ ಏನಾಯ್ತೋ ಅನ್ನುವ ಹಾಗೆ ನೋಡುತ್ತಾರೆ.

ಬೇರೆಯವರಾಗಿದ್ದರೆ ಅತ್ತು, ತವರಿಗೆ ಫೋನ್ ಮಾಡಿ, ಸುಮ್ಮನಾಗುತ್ತಿದ್ದರು. ಇವಳು ನಕಾಶೆ ಬರೆದಳು. ಒಬ್ಬ ಹೆಂಗಸು ಯಾರನ್ನೂ ಕೇಳದೆ, ಯಾರಿಗೂ ತೊಂದರೆ ಕೊಡದೆ, ಮನೆಯಿಂದ ಎಷ್ಟು ದೂರ ಹೋಗಿ ಬರಬಹುದು ಅನ್ನುವುದೇ ಅವಳ ಪ್ರಶ್ನೆ. ಉತ್ತರ ಬಂದಷ್ಟು ದೂರಕ್ಕೆ ಮನೆಯ ಸುತ್ತ ಒಂದು ವೃತ್ತ. ಅವಳದ್ದು ಬೀದಿ ಕೊನೆಯ ಟಪಾಲು ಡಬ್ಬಿಗಳವರೆಗೆ. ಆಮೇಲೆ ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ಕಿನಲ್ಲಿ, ಅರಿಸಿನ ಕುಂಕುಮದಲ್ಲಿ ಸಿಕ್ಕ ಸಿಕ್ಕವರನ್ನೆಲ್ಲ ಕೇಳತೊಡಗಿದಳು. ನಮ್ಮ ಹೆಂಗಸರಿಗೆ ಕೇಳುವವರು ಸಿಕ್ಕರೆ ಸಾಕು, ಹೇಳದೆ ಇರುವ ವಿಷಯವೇ ಇಲ್ಲ.

ನನ್ನನ್ನೂ ಕೇಳಿದಳು. ನನಗೆ ಕಾರಿದೆ, ನನ್ನದು ದೊಡ್ಡದಾಗಿ ಬರಿ ಎಂದೆ. ಅವಳು ನಿನ್ನ ಮಗನ ಸ್ಕೂಲ್ ಬಸ್ಸು ಎಷ್ಟೊತ್ತಿಗೆ ಬರುತ್ತೆ, ಯಜಮಾನರು ಮಧ್ಯಾಹ್ನ ಊಟಕ್ಕೆ ಬರ್ತಾರಾ, ಪೆಟ್ರೋಲು ಹಾಕಿಸಿದ ಲೆಕ್ಕ ಯಾರು ನೋಡ್ತಾರೆ ಎಂದೆಲ್ಲ ಕೇಳಿದಳು. ಕೊನೆಗೆ ಅವಳು ಬರೆದ ವೃತ್ತ ಹತ್ತಿರದ ನೋವಿ ಊರಿನ ಇಂಡಿಯನ್ ಅಂಗಡಿಗೆ ನಿಂತುಹೋಯಿತು. ನನಗೆ ಸಿಟ್ಟು ಬಂದು ಒಂದಷ್ಟು ದಿನ ಅವಳ ಫೋನೇ ಎತ್ತಲಿಲ್ಲ.

ಈ ನಕಾಶೆಗಳನ್ನೇ ಇಟ್ಟುಕೊಂಡು ಶಿಕಾಗೋ ಕಡೆಯ ಒಂದು ಯೂನಿವರ್ಸಿಟಿಯ ಭೂಗೋಳ ವಿಭಾಗಕ್ಕೆ ಅಪ್ಲೈ ಮಾಡುತ್ತೇನೆಂದು ಹೊರಟಳು. ಇಲ್ಲಿನ ಪದ್ಧತಿ ನಮ್ಮ ಕಡೆಯದರಂತಲ್ಲ. ಅರ್ಜಿ ಹಾಕುವ ಮೊದಲೇ ನಿಮ್ಮನ್ನು ಕೈಹಿಡಿದು ನಡೆಸುವ ಪ್ರೊಫೆಸರೊಬ್ಬರು ಒಪ್ಪಿರಬೇಕು. ಅವರು ಒಪ್ಪಿದ ಮೇಲೆ ಮೂವರ ಶಿಫಾರಸು, ಮೈಸೂರಿನಲ್ಲಿ ಓದಿದ್ದರ ಅಂಕಪಟ್ಟಿ, ನೀವು ಬರೆದದ್ದರ ಒಂದು ಮಾದರಿ, ಇಷ್ಟೆಲ್ಲ ಡಿಸೆಂಬರ್ ಮಧ್ಯದೊಳಗೆ ಹೋಗಬೇಕು. ಸೇರಿದರೆ ಮೊದಲೆರಡು ವರ್ಷ ಕ್ಲಾಸಿಗೆ ಹಾಜರಾಗಲೇಬೇಕು. ಅದಕ್ಕೂ ಅವಳು ದಾರಿ ಹುಡುಕಿದ್ದಳು. ಹತ್ತಿರದ ಡಿಯರ್‌ಬಾರ್ನ್‌ನಿಂದ ರೈಲು ಹಿಡಿದು ಹೋಗಿ, ವಾರದಲ್ಲಿ ಮೂರು ದಿನ ಅಲ್ಲಿದ್ದು ಬರುವುದು. ಆ ಮೂರು ದಿನ ಮಗಳು ತನಿಷಾಳನ್ನು ಅತ್ತೆ ನಿಂಗಮ್ಮನವರು ನೋಡಿಕೊಳ್ಳುವುದು. ಅತ್ತೆ ಇಲ್ಲದಿದ್ದರೆ ಶಿಕಾಗೋ ಇಲ್ಲ. ಕಿಶೋರ್ ಇದನ್ನು ನನ್ನೆದುರಿಗೇ ಹೇಳಿದ್ದ.

ನಿಂಗಮ್ಮನವರು ಮಳವಳ್ಳಿ ಹತ್ತಿರದ ಹಳ್ಳಿಯವರು. ಹೆಸರು ಗೀಚುವಷ್ಟು ಅಕ್ಷರ ಬರುತ್ತದೆ, ಓದಲು ಬರುವುದಿಲ್ಲ. ವಿಸಿಟರ್ ವೀಸಾದಲ್ಲಿ ಬಂದವರು, ಆರು ತಿಂಗಳಾದರೆ ವಾಪಸ್ ಹೋಗಲೇಬೇಕು. ಹ್ಯೂಸ್ಟನ್ನಿನಲ್ಲಿರುವ ಹಿರಿಮಗ ಶಿವರಾಮು ಈ ದೇಶದ ಪ್ರಜೆಯಾಗಿದ್ದರಿಂದ ತಾಯಿಗೆ ಇಲ್ಲೇ ಕಾಯಂ ಇರಲು ಬಿಡುವ ಗ್ರೀನ್ ಕಾರ್ಡ್ ಮಾಡಿಸುವುದೆಂದು ಅಣ್ಣತಮ್ಮಂದಿರು ಫೋನಿನಲ್ಲೇ ತೀರ್ಮಾನ ಮಾಡಿದ್ದರು. ಅದು ಸಿಗುವುದಕ್ಕೆ ನಾವೆಲ್ಲ ವರ್ಷಗಟ್ಟಲೆ ಹಲ್ಲು ಕಚ್ಚಿಕೊಂಡು ಕೂತಿದ್ದೇವೆ. ಆ ಅಮ್ಮನಿಗೆ ಹೆಚ್ಚೆಂದರೆ ಒಂದೆರಡು ವರ್ಷದಲ್ಲಿ ಬರುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗಿದ್ದು ನಿಜ.

ನವರಾತ್ರಿಯಲ್ಲಿ ನಮ್ಮೆರಡು ಮನೆಯವರೂ ಶಿಕಾಗೋ ಹತ್ತಿರದ ಲೆಮಾಂಟ್ ದೇವಸ್ಥಾನಕ್ಕೆ ಹೋದೆವು. ದರ್ಶನ ಒಂದು ನೆಪ, ಲತಾಶ್ರೀಗೆ ಅಲ್ಲಿ ಮಾಳವಿಕಾ ಅವರನ್ನು ಕಾಣಬೇಕಿತ್ತು. ಅವರೇ ಆ ಪ್ರೊಫೆಸರು. ಇಲ್ಲೇ ಹುಟ್ಟಿದ ಕನ್ನಡದ ಹುಡುಗಿ, ನಮಗಿಂತ ಚಿಕ್ಕವಳು. 'ಜಸ್ಟ್ ಮಾಳವಿಕಾ ಅನ್ನಿ' ಎಂದು ಎಷ್ಟು ಹೇಳಿದರೂ ಇವಳ ಬಾಯಲ್ಲಿ ಮೇಡಂ ಬಿಟ್ಟು ಬೇರೆ ಬರಲಿಲ್ಲ. ಕೆಳಗಿನ ಕ್ಯಾಂಟೀನಿನಲ್ಲಿ ಪುಳಿಯೋಗರೆ ತಟ್ಟೆ ಪಕ್ಕಕ್ಕೆ ಸರಿಸಿ ಮಾಳವಿಕಾ ಲ್ಯಾಪ್‌ಟಾಪಿನಲ್ಲಿ ನಕಾಶೆಗಳನ್ನು ಬಹಳ ಹೊತ್ತು ನೋಡಿದರು.

"ಇದು ತುಂಬಾ ಸ್ಟ್ರಾಂಗ್ ಆಗಿದೆ," ಎಂದರು. "ಬಟ್ ಇವರೆಲ್ಲ ಕನ್ಸೆಂಟ್ ಕೊಟ್ಟಿದಾರಾ? ಇದನ್ನ ನೋಡಿದ್ರೆ ಯಾವ ಮನೆ ಅಂತ ಗೊತ್ತಾಗತ್ತೆ."

"ಅಯ್ಯೋ, ಎಲ್ಲಾ ನಮ್ಮೋರೇ ಮೇಡಂ."

"ನಮ್ಮೋರು ಅಂದ್ರೆ ಕನ್ಸೆಂಟ್ ಅಲ್ಲ."

ಆಮೇಲೆ ಅವರು ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದರು. ಜನರ ಬದುಕಿನ ಮೇಲೆ ಕೆಲಸ ಮಾಡುವವರು ಅವರಿಂದ ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಬೇಕು. ಒಪ್ಪಿಗೆಯಿಲ್ಲದ ನಕಾಶೆ ಮಾದರಿಯಾಗಿ ಬಂದರೆ ತಾನು ಇವಳ ಪರವಾಗಿ ಒಂದು ಮಾತೂ ಆಡಲಾರೆ. ಒಪ್ಪಿಗೆ ಪತ್ರದ ನಮೂನೆ ಕಳಿಸುತ್ತೇನೆ, ಸಹಿ ಮಾಡಿಸಿ.

ಲತಾಶ್ರೀ ಫಾರ್ಮಿಂಗ್ಟನ್ ಹಿಲ್ಸಿಗೆ ವಾಪಸ್ ಬಂದು ಎಲ್ಲರ ಸಹಿ ಕೇಳಿದಳು. ಎಂಥ ಗದ್ದಲವಾಯಿತು ಅಂತೀರಿ. ಗಂಡನ ಸಿಡುಕು, ಅತ್ತೆಯ ಕೊಂಕು ಎಲ್ಲವನ್ನೂ ಕಾಫಿ ಕುಡಿಯುತ್ತ ಹೇಳಿಕೊಂಡವರು ಒಂದು ಹಾಳೆ ಕಂಡ ಕೂಡಲೇ ಮೂಗು ಮುರಿದರು. ವೀಸಾ ಮೇಲೆ ಇರೋರು ನಾವು, ಸೈನು ಗೀನು ಬೇಡಮ್ಮ, ನಾಳೆ ಏನಾದರೂ ಹೆಚ್ಚುಕಡಿಮೆ ಆದರೆ? ನಾನೂ ಹಾಕಲಿಲ್ಲ. ಅದಕ್ಕೆ ನನಗೆ ಪಶ್ಚಾತ್ತಾಪವೇನಿಲ್ಲ, ಇವತ್ತು ಕೇಳಿದರೂ ಹಾಕುವುದಿಲ್ಲ. ಈ ದೇಶದಲ್ಲಿ ನನ್ನ ಹೆಸರಿರುವ ಕಾಗದಗಳು ಈಗ ಇರುವಷ್ಟೇ ಸಾಕು. ನನ್ನ ವೃತ್ತ ಎಷ್ಟು ಚಿಕ್ಕದು ಅನ್ನುವುದಕ್ಕೆ ನಾನೇ ಸಹಿ ಹಾಕಿ ಕೊಡಲೇ?

ಕೊನೆಗೆ ಮಾಳವಿಕಾ ಒಂದು ದಾರಿ ತೋರಿಸಿದರು. ಉಳಿದವರನ್ನು ಬಿಟ್ಟು ನಿಮ್ಮ ಮನೆಯೊಂದನ್ನೇ ಬರೆಯಿರಿ, ಒಂದು ಮನೆಯನ್ನು ಚೆನ್ನಾಗಿ ಬರೆದರೆ ಅದೇ ಸಾಕು. ಆದರೆ ಮನೆಯ ದೊಡ್ಡವರೆಲ್ಲ ಒಪ್ಪಿರಬೇಕು. ಓದಲು ಬಾರದವರಿಗೆ ಅವರ ಭಾಷೆಯಲ್ಲೇ ಪೂರ್ತಿ ಓದಿ ಹೇಳಬೇಕು, ಹೊರಗಿನ ಒಬ್ಬರು ಸಾಕ್ಷಿಗೆ ಕೂತಿರಬೇಕು.

ಕಿಶೋರ್ ತನ್ನ ಹಾಳೆಗೆ ಓದದೆಯೇ ಸಹಿ ಹಾಕಿದ, ಫೋನಿನಲ್ಲಿ ಐ ಅಗ್ರೀ ಒತ್ತುವ ಹಾಗೆ. ಉಳಿದದ್ದು ನಿಂಗಮ್ಮನವರು. ಅರ್ಜಿಗೆ ಇನ್ನು ಮೂರೇ ದಿನವಿದ್ದಾಗ ಲತಾಶ್ರೀ ನನ್ನನ್ನು ಸಾಕ್ಷಿಗೆ ಕರೆದಳು. ನನ್ನ ಹೆಸರು ಸಾಕ್ಷಿಯಾಗಿ ಹೋಗುವುದಕ್ಕೆ ನಾನು ಸ್ವಲ್ಪ ಗೊಣಗಿದರೂ ಹೋದೆ. ಅವಳ ಮುಖ ನೋಡಲಾಗುತ್ತಿರಲಿಲ್ಲ, ಅಷ್ಟು ಸೊರಗಿದ್ದಳು.

ನಿಂಗಮ್ಮನವರು ಡೈನಿಂಗ್ ಟೇಬಲ್ಲಿನ ಹತ್ತಿರ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ಅವರ ನಕಾಶೆಯಲ್ಲಿ ವೃತ್ತವೇ ಇರಲಿಲ್ಲ, ಮನೆಯ ಮೇಲೆ ಒಂದು ಚುಕ್ಕೆ ಅಷ್ಟೆ. ಹೊರಗಿನ ಬಾಗಿಲಿಗೆ ಅಲಾರಂ ಇದೆ, ತೆಗೆದರೆ ಕೂಗುತ್ತದೆ ಎಂದು ಅವರು ಬಾಗಿಲು ಮುಟ್ಟುವುದೇ ಇಲ್ಲ.

"ಎಲ್ಲಿ ಹಾಕ್ಬೇಕು ತೋರ್ಸವ್ವ," ಎಂದು ಕೈ ಒರೆಸಿಕೊಂಡರು.

"ಮೊದಲು ಓದ್ತೀನಿ ಅತ್ತೆ, ಕೇಳಿ."

"ಕೇಳೋದೇನು? ನೀ ಯೋಳ್ದ ಕಡೆ ಹಾಕ್ತೀನಿ."

ಲತಾಶ್ರೀ ತಾನೇ ಕನ್ನಡಕ್ಕೆ ತಂದಿದ್ದ ಹಾಳೆಯನ್ನು ತರಗತಿಯಲ್ಲಿ ಪಾಠ ಮಾಡುವ ಹಾಗೆ ಬಿಡಿಸಿ ಬಿಡಿಸಿ ಓದಿದಳು. ನಿಮ್ಮ ದಿನಚರಿಯ ಬಗ್ಗೆ ಬರೆಯುತ್ತೇನೆ. ಹೆಸರು ಹಾಕುವುದಿಲ್ಲ. ನೀವು ಒಪ್ಪಲೇಬೇಕೆಂದಿಲ್ಲ. ಬೇಡ ಎಂದರೆ ನಿಮಗೆ ಯಾವ ತೊಂದರೆಯೂ ಆಗುವುದಿಲ್ಲ, ಮನೆಯಲ್ಲಿ ನಿಮ್ಮನ್ನು ನೋಡಿಕೊಳ್ಳುವುದರಲ್ಲಿ ಏನೂ ವ್ಯತ್ಯಾಸವಾಗುವುದಿಲ್ಲ. ಕಾರಣ ಹೇಳಬೇಕಾಗಿಲ್ಲ.

ನಿಂಗಮ್ಮನವರು ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟರು.

"ಇನ್ನೊಂದ್ಸಲ ಓದು."

ಅವಳು ಆ ಭಾಗವನ್ನು ಮತ್ತೆ ಓದಿದಳು.

"ಬ್ಯಾಡ ಅಂದ್ರೂ ಏನೂ ಆಗಕಿಲ್ವಾ?"

"ಏನೂ ಆಗಲ್ಲ ಅತ್ತೆ."

"ನೀನು ಮಕ ಊದಿಸ್ಕಳಾಕಿಲ್ವಾ? ಕಿಸೋರ?"

"ಇಲ್ಲ ಅತ್ತೆ. ಯಾರೂ ಏನೂ ಅನ್ನೋ ಹಾಗಿಲ್ಲ."

ಆ ಅಮ್ಮ ನನ್ನ ಕಡೆ ನೋಡಿದರು. ಸಾಕ್ಷಿಯಲ್ಲವೇ, ನಾನೂ ತಲೆಯಾಡಿಸಿದೆ. ಅವರು ಮೆಲ್ಲಗೆ ಹೇಳಿದರು.

"ಹಂಗಾರೆ ಬ್ಯಾಡ ಕನವ್ವ."

ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮುಖದಲ್ಲಿ ತಮಾಷೆ ಇರಲಿಲ್ಲ. "ಯಾಕಮ್ಮ? ಅವಳು ಎಷ್ಟು ಕಷ್ಟಪಟ್ಟಿದಾಳೆ ಗೊತ್ತಾ ನಿಮಗೆ?" ಎಂದು ನಾನು ಬಾಯಿ ಹಾಕಿದೆ.

"ಕಾರಣ ಕೇಳೋ ಹಾಗಿಲ್ಲ ಚೇತನಾ," ಎಂದಳು ಲತಾಶ್ರೀ.

"ಸುಮ್ಕೆ ಅಂದ್ ನೋಡ್ದೆ," ಎಂದರು ನಿಂಗಮ್ಮನವರು. "ಮದ್ವೆಗೂ ಯಾರೂ ಕೇಳ್ನಿಲ್ಲ, ಇಲ್ಗ್ ಬರಕ್ಕೂ ಕೇಳ್ನಿಲ್ಲ. ನೀನೇ ಮೊದ್ಲು ಕೇಳ್ದವಳು." ಹಾಗೆಂದು, ಬ್ಯಾಡ ಅಂದದ್ದನ್ನು ಹಿಂದಕ್ಕೆ ತೆಗೆದುಕೊಳ್ಳದೆ, ಅವರು ಮತ್ತೆ ಅವರೆಕಾಯಿಗೆ ಕೈ ಹಾಕಿದರು.

ಲತಾಶ್ರೀ ಹಾಳೆಯಲ್ಲಿ 'ಒಪ್ಪಿಲ್ಲ' ಎನ್ನುವ ಕಡೆ ಗುರುತು ಹಾಕಿದಳು. ಅದರ ಕೆಳಗೆ ನಾನು ಸಾಕ್ಷಿ ಸಹಿ ಹಾಕಿದೆ, ಹಾಕುವಾಗ ನನಗೆ ಅಳು ಬಂತು. ಅವಳು ಅಳಲಿಲ್ಲ. ಅಡುಗೆಮನೆಗೆ ಹೋಗಿ ಟೀ ಮಾಡಿದಳು. ಗುಂಡ್ಲುಪೇಟೆಯಲ್ಲಿದ್ದಾಗ ಅಲ್ಲಿನ ಬಾವಿಗಳ ಬಗ್ಗೆ ಬರೆದ ಹಳೆಯ ಲೇಖನವೊಂದಿದೆ, ಅದನ್ನೇ ಕಳಿಸಲು ಬಿಡುತ್ತಾರಾ ಮೇಡಂ ಎಂದು ನನ್ನನ್ನೇ ಕೇಳಿದಳು. ಯಾಕೆ ಬಿಡಲ್ಲ, ಬರೆದು ಕೇಳು ಎಂದೆ. ಅವಳು ಅಲ್ಲೇ ನಿಂತು ಬರೆದಳು. ಟೀ ಆರುವ ಮೊದಲೇ ಮಾಳವಿಕಾ ಅವರ ಉತ್ತರ ಬಂತು. ಅಷ್ಟು ಸ್ಟ್ರಾಂಗ್ ಅಲ್ಲ, ಆದರೂ ಕಳಿಸಿ, ನಾನು ನಿಮ್ಮ ಪರವಾಗಿ ಮಾತಾಡುತ್ತೇನೆ. ಅತ್ತೆ ನಿರಾಕರಿಸಿದ್ದನ್ನು ಹಾಗೇ ಹೇಳಿದ್ದಕ್ಕೆ ಥ್ಯಾಂಕ್ಸ್ ಎಂದೂ ಬರೆದಿದ್ದರು. ಅಂದರೆ ಶಿಕಾಗೋ ಇನ್ನೂ ಕೈತಪ್ಪಿರಲಿಲ್ಲ. ಅವಳ ಮುಖಕ್ಕೆ ಸ್ವಲ್ಪ ರಕ್ತ ಬಂತು, ನನಗೂ ಜೀವ ಬಂತು.

ನಾನು ಹೊರಡುವಷ್ಟರಲ್ಲಿ ಕಿಶೋರ್ ಆಫೀಸಿನಿಂದ ಬಂದ. ಕೈಯಲ್ಲಿ ಶಿವರಾಮು ಕಳಿಸಿದ ದೊಡ್ಡ ಕವರು. ಗ್ರೀನ್ ಕಾರ್ಡಿನ ಅರ್ಜಿ, ಲಾಯರು ಎಲ್ಲ ತುಂಬಿಯಾಗಿದೆ, ಸಹಿ ಮಾತ್ರ ಬಾಕಿ. ಅವನು ಕೋಟನ್ನೂ ತೆಗೆಯದೆ ಹಾಳೆಗಳನ್ನು ಅವರೆಕಾಯಿಯ ಪಕ್ಕದಲ್ಲಿ ಹರಡಿದ.

"ಅವ್ವ, ಇಲ್ಲೊಂದು, ಇಲ್ಲೊಂದು. ಹಾಕ್ಬುಡು, ನಾಳೆ ಪೋಸ್ಟ್ ಮಾಡ್ಬೇಕು."

ನಿಂಗಮ್ಮನವರು ಪೆನ್ನು ತೆಗೆದುಕೊಂಡರು. ತುದಿಯನ್ನು ಹಾಳೆಯ ಮೇಲೂ ಇಟ್ಟರು. ಆಮೇಲೆ ತಲೆಯೆತ್ತಿ ಮಗನನ್ನು ಬಿಟ್ಟು ಸೊಸೆಯನ್ನು ನೋಡಿದರು.

"ಲತಾ, ಇದ್ಕೂ ಹಂಗೇಯಾ?"

ಕಿಶೋರನಿಗೆ ಏನೂ ತಿಳಿಯಲಿಲ್ಲ. ನನಗೆ ತಿಳಿಯಿತು, ಇದಕ್ಕೂ ಬೇಡ ಅನ್ನಬಹುದಾ ಎಂದು ಕೇಳುತ್ತಿದ್ದರು. ನಾನಾಗಿದ್ದರೆ, ಇಲ್ಲ ಅತ್ತೆ, ಇದು ಬೇರೆ, ಇದಕ್ಕೆ ಹಾಕಲೇಬೇಕು ಅಂದುಬಿಡುತ್ತಿದ್ದೆ. ಆ ಅಮ್ಮ ಮರುಮಾತಿಲ್ಲದೆ ಹಾಕುತ್ತಿದ್ದರು. ಅವಳ ರೈಲು, ಅವಳ ಮೂರು ದಿನ, ಅವಳ ಶಿಕಾಗೋ, ಎಲ್ಲಾ ಆ ಪೆನ್ನಿನ ತುದಿಯಲ್ಲಿತ್ತು. ಹೇಳಬೇಡ್ವೇ ಎಂದು ನಾನು ಕಣ್ಣಿನಲ್ಲೇ ಬೇಡಿಕೊಂಡೆ.

ಲತಾಶ್ರೀ ನನ್ನ ಕಡೆ ನೋಡಲೇ ಇಲ್ಲ. ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಳು.

"ಹೂಂ ಅತ್ತೆ," ಎಂದಳು. "ಇದಕ್ಕೂ ಹಂಗೇನೇ."

ನಿಂಗಮ್ಮನವರು ಪೆನ್ನನ್ನು ಮಗನ ಕೈಗೆ ವಾಪಸ್ ಕೊಟ್ಟರು.