ನನ್ನ ಎದೆಯ ಬಗ್ಗೆ ಒಂದು ಮೀಟಿಂಗ್

ಕಾಫಿ ಕೊಯ್ಲು ಶುರುವಾಗುವ ಹೊತ್ತು. ಒಂದು ಭಾನುವಾರ ಮೂಡಿಗೆರೆಯ ನಮ್ಮ ಮನೆಯ ಜಗಲಿಯಲ್ಲಿ ಮೀಟಿಂಗ್ ನಡೆಯಿತು. ಅಧ್ಯಕ್ಷತೆ ನಮ್ಮ ಯಜಮಾನರದ್ದು. ಹಾಜರಿದ್ದವರು ವಸ್ತಾರೆಯಿಂದ ಬಂದ ಭಾವ ಮತ್ತು ನನ್ನ ಓರಗಿತ್ತಿ. ಚರ್ಚೆಯ ವಿಷಯ, ನನ್ನ ಎಡಗಡೆಯ ಎದೆ. ಅದನ್ನು ಪೂರ್ತಿ ತೆಗೆಸಿಬಿಡಬೇಕೆಂದು ಸರ್ವಾನುಮತದ ತೀರ್ಮಾನವಾಯಿತು.

(ಎದೆಯ ಮಾಲೀಕಳು ಆಗ ಅಡುಗೆಮನೆಯಲ್ಲಿ ಇವರಿಗೆಲ್ಲ ಕಡುಬು ಬೇಯಿಸುತ್ತಿದ್ದಳು.)

ಈಚೆಗೆ ನನ್ನ ಅಂಕಣ ನಾಲ್ಕಾರು ವಾರ ತಪ್ಪಿತು. ಸೋಮಾರಿತನ ಎಂದು ಕೆಲವರು ಬೈದಿರಿ. ಬೈಯಿರಿ, ಬೇಡ ಎನ್ನುವುದಿಲ್ಲ. ಆದರೆ ಈ ಸಲ ಕಾರಣ ಬೇರೆಯಿತ್ತು. ಸ್ನಾನ ಮಾಡುವಾಗ ಕೈಗೊಂದು ಗಂಟು ಸಿಕ್ಕಿತು. ಅವರೆಕಾಳಿಗಿಂತ ಸ್ವಲ್ಪ ದೊಡ್ಡದು, ನೋವಿಲ್ಲ. ಮಂಗಳೂರಿಗೆ ಹೋದೆವು. ಮ್ಯಾಮೊಗ್ರಾಂ ಆಯಿತು, ಬಯಾಪ್ಸಿ ಆಯಿತು. ರಿಪೋರ್ಟಿನಲ್ಲಿ ಕ್ಯಾನ್ಸರ್ ಎಂದಿತ್ತು. (ಹೆದರಿಕೊಂಡು ಓದಬೇಡಿ, ಈಗ ಚೆನ್ನಾಗಿದ್ದೇನೆ.)

ಸರ್ಜನ್ ಒಬ್ಬ ಹೆಂಗಸು. ನನಗಿಂತ ಚಿಕ್ಕವರು. ನನ್ನ ಮುಂದೆ ಎರಡು ದಾರಿ ಇಟ್ಟರು. ಗಂಟು ಮತ್ತು ಅದರ ಸುತ್ತಲಿನ ಸ್ವಲ್ಪ ಭಾಗ ಮಾತ್ರ ತೆಗೆಯುವುದು, ಆಮೇಲೆ ಕೆಲವು ವಾರ ರೇಡಿಯೇಷನ್ ಕೊಡುವುದು. ಇಲ್ಲವಾದರೆ ಇಡೀ ಎದೆಯನ್ನೇ ತೆಗೆಯುವುದು. ಗಂಟು ಚಿಕ್ಕದು, ಬೇಗ ಸಿಕ್ಕಿದೆ, ಹಾಗಾಗಿ ನಿಮ್ಮ ಮಟ್ಟಿಗೆ ಆಯಸ್ಸಿನ ಲೆಕ್ಕದಲ್ಲಿ ಎರಡೂ ಒಂದೇ ಎಂದರು. ವಾರ ಬಿಟ್ಟು ಯೋಚಿಸಿಕೊಂಡು ಬನ್ನಿ ಎಂದು ಕಳಿಸಿದರು.

ಯೋಚಿಸುವ ಕೆಲಸವನ್ನು ಮನೆಯವರು ನನ್ನ ಕೈಗೆ ಕೊಟ್ಟರೆ ತಾನೇ?

ಕಾಫಿ ಬೆಳೆಯುವವರಿಗೆ ಒಂದು ಕಾಯಿಲೆ ಇದೆ. ಪ್ರಪಂಚದಲ್ಲಿ ಏನೇ ಆದರೂ ತೋಟದ ಲೆಕ್ಕದಲ್ಲಿ ಯೋಚಿಸುತ್ತೇವೆ. ಅರೇಬಿಕಾ ಗಿಡಕ್ಕೆ ಬೋರರ್ ಎನ್ನುವ ಹುಳ ಬೀಳುತ್ತದೆ. ಕಾಂಡದೊಳಗೆ ಸೇರಿ ಕೊರೆಯುತ್ತದೆ. ಹೊರಗಿನಿಂದ ಗಿಡ ಚೆನ್ನಾಗಿಯೇ ಕಾಣಬಹುದು. ವರ್ಷಕ್ಕೆರಡು ಸಲ ಆಳುಗಳು ಗಿಡಗಿಡವನ್ನೂ ಮುಟ್ಟಿ ನೋಡುತ್ತಾರೆ. ಹುಳ ಬಿದ್ದ ಗಿಡ ಸಿಕ್ಕರೆ ಬುಡಸಮೇತ ಕಿತ್ತು ಸುಡುವುದು. ಅಲ್ಲಿ ದಾಕ್ಷಿಣ್ಯವಿಲ್ಲ. ಅರ್ಧ ಉಳಿಸಿಕೊಳ್ಳಲು ಹೋದವನ ಇಡೀ ತೋಟ ಹೋಗುತ್ತದೆ.

ನಮ್ಮ ಯಜಮಾನರು ಮೂವತ್ತು ವರ್ಷದಿಂದ ಹೀಗೆ ಗಿಡ ಕೀಳಿಸುತ್ತಿದ್ದಾರೆ. ಆ ಅನುಭವದ ಬಲದ ಮೇಲೆ ಜಗಲಿಯಲ್ಲಿ ಕೂತು ಅಪ್ಪಣೆ ಕೊಡಿಸಿದರು: “ಬೋರರ್ ಬಿದ್ದ ಗಿಡದ ಕೊಂಬೆ ಕಡಿದು ಸುಮ್ನಾಗ್ತೀವಾ? ಕೀಳೋದೇ ಸರಿ.”

ಭಾವ ಒಂದು ಹೆಜ್ಜೆ ಮುಂದೆ ಹೋದರು. ಪಕ್ಕದ ಗಿಡದ ಮೇಲೂ ಅವರಿಗೆ ಅನುಮಾನವಂತೆ. ಎರಡನ್ನೂ ಒಟ್ಟಿಗೆ ತೆಗೆಸಿದರೆ ಮತ್ತೆ ಓಡಾಡುವ ತಾಪತ್ರಯ ಇರುವುದಿಲ್ಲವಲ್ಲ ಎಂದು ಕೇಳಿದರು. ನಾನು ಕಡುಬಿನ ಪಾತ್ರೆ ತಂದು ಸ್ವಲ್ಪ ಜೋರಾಗಿಯೇ ಇಟ್ಟೆ.

ಆದರೆ ಚುಚ್ಚಿದ್ದು ಓರಗಿತ್ತಿಯ ಮಾತು. ಒಳ್ಳೆಯವಳು, ನನ್ನ ಮೇಲೆ ಪ್ರಾಣ ಇಟ್ಟುಕೊಂಡವಳು. ಸಮಾಧಾನ ಮಾಡಲೆಂದೇ ಹೇಳಿದಳು: “ಮಕ್ಕಳಿಗೆ ಮದುವೆ ಆಗಿ ಮೊಮ್ಮಕ್ಕಳು ಬಂದವು. ಇನ್ನು ಅದು ಇದ್ರೇನು, ಹೋದ್ರೇನು?”

ಇದ್ದರೇನು, ಹೋದರೇನು? ಐವತ್ತೆರಡಾಯಿತು ಎಂದರೆ ನನ್ನ ಮೈ ನನಗೆ ರಿಟೈರ್ ಆಯಿತೇ? ಹಾಲು ಕುಡಿಸಿ ಮುಗಿದ ಮೇಲೆ ಅದು ಖಾಲಿ ಚೀಲವೇ? ನನಗೆ ಅದು ಬೇಕಿತ್ತು. ಸೀರೆ ಉಟ್ಟು ಕನ್ನಡಿ ಮುಂದೆ ನಿಂತಾಗ ನನ್ನನ್ನು ನಾನೇ ನೋಡಬೇಕಿತ್ತು. ಆದರೆ ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಜೀವದ ಪ್ರಶ್ನೆ ಇರುವಾಗ ಇವಳಿಗೆ ಅಲಂಕಾರದ ಚಿಂತೆ ಎಂದುಕೊಂಡಾರು ಎಂದು ಸುಮ್ಮನಾದೆ. ನಿಜ ಹೇಳಬೇಕೆಂದರೆ ಬೋರರ್ ಸಿದ್ಧಾಂತವನ್ನು ನಾನೂ ಮುಕ್ಕಾಲು ಪಾಲು ನಂಬಿದ್ದೆ. ನಾನೂ ಅದೇ ತೋಟದವಳಲ್ಲವೇ?

ವಾರ ಕಳೆದು ಮಂಗಳೂರಿಗೆ ಹೋದಾಗ ಪೂರ್ತಿ ತೆಗೆದುಬಿಡಿ ಎಂದೆ. ಯಾಕೆ ಎಂದು ಡಾಕ್ಟರ್ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಯಜಮಾನರು ಬೋರರ್ ಪಾಠ ಶುರು ಮಾಡಿದರು. ಹುಳ, ಕಾಂಡ, ಬುಡ, ಬೆಂಕಿ ಎಲ್ಲ ಬಂತು. ಡಾಕ್ಟರ್ ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿಸಿಕೊಂಡರು. (ಇಷ್ಟು ತಾಳ್ಮೆಯಿಂದ ಇವರ ಮಾತನ್ನು ನಾನೂ ಕೇಳಿದವಳಲ್ಲ.)

ಆಮೇಲೆ ಒಂದೇ ಪ್ರಶ್ನೆ ಕೇಳಿದರು. “ಗಿಡ ಕಿತ್ತು ಸುಟ್ಟ ಮೇಲೆ ಮುಂದಿನ ವರ್ಷ ತೋಟ ನೋಡೋದು ಬಿಡ್ತೀರಾ?”

ಬಿಡಲು ಹೇಗಾಗುತ್ತದೆ, ಪ್ರತಿ ವರ್ಷ ನೋಡಲೇಬೇಕು ಎಂದರು ಇವರು.

“ಇಲ್ಲೂ ಅಷ್ಟೇ. ಪೂರ್ತಿ ತೆಗೆದ್ರೂ ಚೆಕಪ್ ತಪ್ಪಲ್ಲ. ಮತ್ತೆ ಬರೋದೇ ಇಲ್ಲ ಅಂತ ಎರಡರಲ್ಲೂ ನಾನು ಬರೆದು ಕೊಡೋಕಾಗಲ್ಲ. ಗಿಡಕ್ಕೆ ರೇಡಿಯೇಷನ್ ಇಲ್ಲ, ಅದಕ್ಕೆ ಕೀಳ್ತೀರಿ. ಇವರಿಗೆ ಇದೆ.” ಹೀಗೆಂದವರು ನನ್ನ ಕಡೆ ತಿರುಗಿದರು. “ಹೆದರಿಕೆ ಬದಿಗಿಟ್ಟು ಹೇಳಿ. ನಿಮಗೆ ಯಾವುದು ಬೇಕು?”

ಉಳಿಸಿಕೊಳ್ಳಬೇಕು ಎಂದೆ. ಒಂದೇ ಪದ. ಹೇಳಿದ ಕೂಡಲೇ ಗಳಗಳನೆ ಅತ್ತುಬಿಟ್ಟೆ. ರಿಪೋರ್ಟ್ ಬಂದ ದಿನವೂ ನಾನು ಅತ್ತಿರಲಿಲ್ಲ.

ವಾಪಸ್ ಬರುವಾಗ ಚಾರ್ಮಾಡಿ ಘಾಟಿಯ ಅರ್ಧದಲ್ಲಿ ಯಜಮಾನರು ಜೀಪು ನಿಲ್ಲಿಸಿದರು. ಟಯರ್ ನೋಡುವ ನೆಪ ಮಾಡಿ ಕೆಳಗಿಳಿದವರು ಬಹಳ ಹೊತ್ತು ಹತ್ತಲಿಲ್ಲ. ನಾನೇ ಇಳಿದು ಪಕ್ಕದಲ್ಲಿ ನಿಂತೆ. ಕಣಿವೆ ಕಡೆ ನೋಡುತ್ತಾ ಹೇಳಿದರು: “ನೀನು ಇದ್ರೆ ಸಾಕು ಅಂತ ಹಂಗಂದೆ ಮಾರಾಯ್ತಿ. ಮತ್ತೇನೂ ಅಲ್ಲ.” ಅಷ್ಟು ದಿನ ಅಧಿಕಾರದಿಂದ ಮಾತಾಡುತ್ತಿದ್ದುದು ಇವರ ಹೆದರಿಕೆ. ಅದು ನನಗೆ ಮೊದಲೇ ತಿಳಿಯಬೇಕಿತ್ತು. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಆಪರೇಷನ್ ಆಯಿತು. ಹತ್ತು ದಿನಕ್ಕೆ ರಿಪೋರ್ಟ್ ಬಂತು. ಗಂಟಿನ ಸುತ್ತಲಿನ ಭಾಗ ಕ್ಲೀನ್, ಕಂಕುಳಿಗೆ ಹರಡಿಲ್ಲ, ಕೀಮೋ ಬೇಡ. ರೇಡಿಯೇಷನ್ ಮತ್ತು ಮಾತ್ರೆ ಸಾಕು. ನಾನು ಮಾಡಿದ ಮೊದಲ ಕೆಲಸ ಆಸ್ಪತ್ರೆ ಕ್ಯಾಂಟೀನಿಗೆ ಹೋಗಿ ಎರಡು ಪ್ಲೇಟ್ ಗೋಳಿಬಜೆ ತಿಂದದ್ದು. ತಿಂಗಳಿಂದ ನಾಲಿಗೆಗೆ ರುಚಿಯೇ ಇರಲಿಲ್ಲ. ಯಜಮಾನರು ಮೂಲೆಯಲ್ಲಿ ನಿಂತು ವಸ್ತಾರೆಗೆ ಫೋನ್ ಮಾಡುತ್ತಿದ್ದರು. “ಪೂರ್ತಿ ತೆಗೆಸೋದು ಬೇಡ ಅಂತ ನಂಗೆ ಮೊದಲೇ ಅನ್ಸಿತ್ತು” ಎಂದು ಹೇಳುವುದು ನನಗೆ ಸ್ಪಷ್ಟವಾಗಿ ಕೇಳಿಸಿತು. ಹೇಳಿಕೊಳ್ಳಲಿ, ಬಿಡಿ.

ರೇಡಿಯೇಷನ್‌ಗೆ ವಾರಕ್ಕೆ ಐದು ದಿನ ಹೋಗಬೇಕು. ಮಂಗಳೂರಿನಲ್ಲಿ ತಂಗಿಯ ಮನೆ ಇದ್ದುದರಿಂದ ಅಲ್ಲೇ ಉಳಿದೆ. ಕಾಯುವ ಬೆಂಚಿನ ಮೇಲೆ ಕೂತು ಹೊಸ ಧೈರ್ಯದಲ್ಲಿ ಅಕ್ಕಪಕ್ಕದವರಿಗೆಲ್ಲ ನನ್ನ ಕಥೆ ಹೇಳುತ್ತಿದ್ದೆ. ನಮ್ಮ ಮೈ, ನಮ್ಮ ನಿರ್ಧಾರ ಎಂದು ಭಾಷಣವನ್ನೂ ಬಿಗಿಯುತ್ತಿದ್ದೆ.

ಒಂದು ದಿನ ಪಕ್ಕದಲ್ಲಿ ಬಂದು ಕೂತವರು ಸರೋಜಾ. ಸಂಸೆಯವರು, ಹೆಚ್ಚುಕಡಿಮೆ ನನ್ನದೇ ವಯಸ್ಸು, ಕತ್ತಲಿರುವಾಗಲೇ ಬಸ್ಸು ಹತ್ತಿ ಚೆಕಪ್‌ಗೆ ಬಂದಿದ್ದರು. ಅವರದ್ದೂ ಚಿಕ್ಕ ಗಂಟೇ. ಪೂರ್ತಿ ತೆಗೆಸಿದ್ದಾರೆ. ನನ್ನ ಬಾಯಿಂದ ತಟ್ಟನೆ ಅಯ್ಯೋ ಪಾಪ ಎಂದು ಬಂತು. ಅಷ್ಟರಲ್ಲೇ ತಲೆಯೊಳಗೆ ಈ ವಾರದ ಅಂಕಣವೂ ಬರೆದು ಮುಗಿದಿತ್ತು. ದೂರದ ಊರು, ದಿನಾ ಬರಲು ಬಸ್ಸಿಲ್ಲ, ಉಳಿಯಲು ನೆಂಟರಿಲ್ಲ, ದಾರಿ ಕಾಣದ ಬಡಪಾಯಿ. ಹೆಡ್ಡಿಂಗ್ ಕೂಡ ರೆಡಿ.

ಸರೋಜಾ ನನ್ನ ಕಡೆ ತಿರುಗಿ ಕೂತರು.

“ಪಾಪ ಯಾಕಕ್ಕ? ಡಾಕ್ಟ್ರು ನಂಗೂ ಎರಡೂ ಹೇಳಿದ್ರು. ನನ್ನ ಅಣ್ಣ ಇಲ್ಲೇ ಸುರತ್ಕಲ್ಲಲ್ಲಿದ್ದಾನೆ, ಉಳ್ಕೋ ಅಂತ ಕರೆದ. ನಾನೇ ಬೇಡ ಅಂದೆ. ಅದನ್ನ ಇಟ್ಕೊಂಡು ದಿನಾ ಮುಟ್ಟಿ ಮುಟ್ಟಿ ನೋಡ್ತಾ ಹೆದರ್ಕೊಂಡಿರೋದು ನಂಗಾಗಲ್ಲ. ತೆಗೆಸಿದೆ. ಈಗ ನಿದ್ದೆ ಬರ್ತದೆ.”

ಹೇಳುವಾಗ ಅವರ ಮುಖದಲ್ಲಿದ್ದ ನೆಮ್ಮದಿ, ಕ್ಯಾಂಟೀನಿನಲ್ಲಿ ಗೋಳಿಬಜೆ ತಿನ್ನುವಾಗ ನನಗಿದ್ದ ನೆಮ್ಮದಿಗಿಂತ ಒಂದು ಗುಲಗಂಜಿಯಷ್ಟೂ ಕಡಿಮೆ ಇರಲಿಲ್ಲ. ನನ್ನ ಹೆಸರು ಕೂಗಿದರು. ತೆಪ್ಪಗೆ ಎದ್ದು ಒಳಗೆ ಹೋಗಿ ಮಿಷನ್ ಕೆಳಗೆ ಮಲಗಿದೆ.

ನನ್ನ ಮೈಯ ತೀರ್ಮಾನ ನನ್ನದು ಎಂದು ಊರಿಗೆಲ್ಲ ಸಾರುತ್ತಿದ್ದವಳಿಗೆ, ಅವರ ಮೈಯ ತೀರ್ಮಾನ ಅವರದು ಎಂದು ಹೊಳೆಯಲು ಸರೋಜಾರಿಂದ ಹೇಳಿಸಿಕೊಳ್ಳಲೇಬೇಕಾಯಿತೇ?